ನಾಗರಹಾವಿಗೆ ನಾಲ್ಕನೇ ಸ್ಥಾನ

ಮೈಸೂರು

ಪ್ರೀತಿಯ ಸಿಂಧು,

ಪುಟ್ಟಣ್ಣ ಕಣಗಾಲರ ಪಿಕ್ಚರುಗಳನ್ನೆಲ್ಲ ನೋಡಬೇಕು, ಯಾವುದು ಮೊದಲು, ಯಾವುದು ಆಮೇಲೆ ಅಂತ ಒಂದು ಪಟ್ಟಿ ಕೊಡಿ ಅತ್ತೆ ಎಂದು ಕೇಳಿದೆಯಲ್ಲ, ಆ ಕೆಲಸಕ್ಕೇ ಕೂತಿದ್ದೇನೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಈ ಮಾತು ತೆಗೆದರೆ ನಿಮ್ಮಪ್ಪ ನಡುವೆ ಬಾಯಿ ಹಾಕಿ "ನಾಗರಹಾವು ಬಿಟ್ಟರೆ ಬೇರೆ ಏನಿದೆ?" ಅನ್ನುತ್ತಾನೆ, ಮಾತು ಅಲ್ಲಿಗೇ ತುಂಡಾಗುತ್ತದೆ. ಕಾಗದದಲ್ಲಾದರೆ ನಾನು ಹೇಳಬೇಕಾದ್ದನ್ನು ಪೂರ್ತಿ ಹೇಳಬಹುದು.

ಮೊದಲು ಪಟ್ಟಿ ಹೇಳಿಬಿಡುತ್ತೇನೆ. ಎಲ್ಲಕ್ಕಿಂತ ಮೇಲೆ ಶರಪಂಜರ. ಎರಡನೆಯದು ಬೆಳ್ಳಿಮೋಡ, ಮೂರನೆಯದು ಗೆಜ್ಜೆಪೂಜೆ. ನಾಗರಹಾವು ನಾಲ್ಕನೆಯದು. ಐದು ಮಾನಸ ಸರೋವರ, ಆರು ಎಡಕಲ್ಲು ಗುಡ್ಡದ ಮೇಲೆ, ಏಳು ಕಥಾಸಂಗಮ, ಎಂಟು ರಂಗನಾಯಕಿ. ಅಲ್ಲಿಂದಾಚೆಗೆ ಸಂಖ್ಯೆ ಹಾಕಲು ನನಗೆ ಮನಸ್ಸಿಲ್ಲ. ಹಾಡು, ಫೋಟೋಗ್ರಫಿ, ಪಾತ್ರಧಾರಿಗಳು ಇವನ್ನೆಲ್ಲ ತೂಗಿ ನೋಡಿ ಹಾಕಿದ ಅನುಕ್ರಮ ಅಲ್ಲ ಇದು. ಪಿಕ್ಚರ್ ಮುಗಿದಾಗ ನಾನು ಕೇಳಿಕೊಳ್ಳುವುದು ಒಂದೇ: ಈ ಹೆಣ್ಣಿನ ಬಾಳು ಹೀಗಾಗಬೇಕೆಂದು ಯಾರು ತೀರ್ಮಾನ ಮಾಡಿದರು, ಅದನ್ನು ನಿರ್ದೇಶಕ ಕಂಡನೋ ಇಲ್ಲವೋ? ಪುಟ್ಟಣ್ಣನವರ ಬಹುಪಾಲು ಚಿತ್ರಗಳ ನಡುಮಧ್ಯೆ ಒಬ್ಬ ಹೆಣ್ಣುಮಗಳು ಇದ್ದಾಳೆ. ಹಾಗಿರುವಾಗ ಅವರನ್ನು ಅಳೆಯಲು ಇದಕ್ಕಿಂತ ನ್ಯಾಯವಾದ ಅಳತೆ ನನಗೆ ಕಾಣುವುದಿಲ್ಲ.

ಅವರು ನಮ್ಮ ಜಿಲ್ಲೆಯವರೇ. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ 1933ರ ಡಿಸೆಂಬರ್ 1ರಂದು ಹುಟ್ಟಿದರು. ಸೀತಾರಾಮ ಶರ್ಮ ಅಂತ ಇಟ್ಟ ಹೆಸರು. ಹಾಡು ಬರೆಯುತ್ತಿದ್ದ ಕಣಗಾಲ್ ಪ್ರಭಾಕರ ಶಾಸ್ತ್ರಿಗಳು ಇವರ ಅಣ್ಣ. ಬಿ.ಆರ್. ಪಂತುಲು ಅವರ ಕೈಕೆಳಗೆ ಕೆಲಸ ಕಲಿತು, ಮೊದಲು ಮಲಯಾಳಂನಲ್ಲಿ 1964ರ ಸ್ಕೂಲ್ ಮಾಸ್ಟರ್ ನಿರ್ದೇಶಿಸಿ, ಕನ್ನಡಕ್ಕೆ ಬಂದದ್ದು 1967ರಲ್ಲಿ, ಬೆಳ್ಳಿಮೋಡದ ಮೂಲಕ. 1985ರ ಜೂನ್ 5ರಂದು ತೀರಿಕೊಂಡಾಗ ಐವತ್ತೊಂದು ವರ್ಷ, ಅಷ್ಟೇ. ಅವರ ಕಾಲದಲ್ಲಿ ಜನ ಪೋಸ್ಟರಿನ ಮೇಲೆ ಹೀರೋ ಯಾರು ಅಂತ ನೋಡುವ ಮೊದಲು "ಇದು ಪುಟ್ಟಣ್ಣನ ಪಿಕ್ಚರ್" ಅನ್ನುತ್ತಿದ್ದರು. ನಿರ್ದೇಶಕನ ಹೆಸರು ಹೇಳಿ ಟಿಕೆಟ್ಟಿಗೆ ಸಾಲು ನಿಲ್ಲುವುದನ್ನು ಮೈಸೂರಿನ ಗೃಹಿಣಿಯರಿಗೆ ಕಲಿಸಿದವರು ಅವರು. ನಿಮ್ಮಜ್ಜಿಯೂ ಆ ಸಾಲಿನಲ್ಲಿ ನಿಂತವಳೇ.

ಈಗ ನಾಗರಹಾವಿನ ವಿಷಯ. ನಿಮ್ಮಪ್ಪನ ಮೇಲೆ ನನಗೆ ಬೇಜಾರಿಲ್ಲ. 1972ರಲ್ಲಿ ಅದು ಬಂದಾಗ ಹುಡುಗರಾಗಿದ್ದ ಯಾರಿಗೇ ಆಗಲಿ ಅದರ ನಾಯಕ ರಾಮಾಚಾರಿ ಮೈಮೇಲೆ ಬಂದಂತಾಗಿತ್ತು. ವಿಷ್ಣುವರ್ಧನ್ ನಾಯಕರಾದದ್ದು ಅದರಲ್ಲಿ, ಅಂಬರೀಷ್ ತೆರೆಗೆ ಬಂದದ್ದು ಅದರಲ್ಲಿ. ಚಿತ್ರದುರ್ಗದ ಕೋಟೆ ಒಂದು ಪಾತ್ರವಾಗಿ ಎದ್ದು ನಿಂತದ್ದೂ ಅದರಲ್ಲೇ. ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವಥ್, ತುಂಗಮ್ಮನಾಗಿ ಲೀಲಾವತಿ. ಮಕ್ಕಳಿಲ್ಲದ ಆ ದಂಪತಿ ಊರೆಲ್ಲ ಬೈಯುವ ಒಬ್ಬ ಹುಡುಗನನ್ನು ಪ್ರೀತಿಸುವ ರೀತಿ ಇದೆಯಲ್ಲ, ಅದನ್ನು ಕಂಡು ಇವತ್ತಿಗೂ ನನಗೆ ಗಂಟಲು ಕಟ್ಟುತ್ತದೆ. ಒಂದು ಹಾಡನ್ನು ಪೂರ್ತಿ ನಿಧಾನಗತಿಯಲ್ಲಿ ತೆಗೆದಿದ್ದಾರೆ. ಆಗ ನಮ್ಮಲ್ಲಿ ಅದು ಹೊಚ್ಚಹೊಸದು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಒಂದು ಕಥೆ ಮಾಡಿದ್ದೇ ದೊಡ್ಡ ಸಾಹಸ.

ಆದರೆ ಅಲಮೇಲುವನ್ನು ನೋಡು. ರಾಮಾಚಾರಿಯೂ ಅಲಮೇಲುವೂ ಪ್ರೀತಿಸುತ್ತಾರೆ. ಜಾತಿ ಅಡ್ಡ ಬರುತ್ತದೆ. ಮೇಷ್ಟ್ರು ಶಿಷ್ಯನನ್ನು ಕರೆದು ಅವಳನ್ನು ಬಿಟ್ಟುಬಿಡು ಅನ್ನುತ್ತಾರೆ. ಗುರುಭಕ್ತಿಗೆ ಕಟ್ಟುಬಿದ್ದು ಅವನು ಬಿಟ್ಟುಬಿಡುತ್ತಾನೆ. ನಾವೆಲ್ಲ ಅವನ ತ್ಯಾಗಕ್ಕೆ ಕಣ್ಣೀರು ಹಾಕುತ್ತೇವೆ. ಅವಳ ಬಾಳಿನ ತೀರ್ಮಾನ ಗುರುಶಿಷ್ಯರ ನಡುವೆ ಮುಗಿದುಹೋಯಿತು. ಅವಳನ್ನು ಕೇಳಿದವರು ಯಾರು? ಮುಂದೆ ಅವಳು ಯಾವ ಗತಿಗೆ ಬಂದಳು ಎಂಬುದನ್ನು ಚಿತ್ರ ತೋರಿಸುತ್ತದೆ, ಅಲಮೇಲುವಾಗಿ ಆರತಿ ಆ ದೃಶ್ಯದಲ್ಲಿ ಬೆಂಕಿಯ ಹಾಗಿದ್ದಾರೆ. ಆದರೂ ಆ ದುಃಖವೂ ರಾಮಾಚಾರಿಯ ದುಃಖವಾಗಿಯೇ ನಮಗೆ ತಲುಪುತ್ತದೆ. ಆಮೇಲೆ ಅವನ ಬಾಳಿಗೆ ಬರುವ ಮಾರ್ಗರೆಟ್‌ಳ ಕಥೆಯೂ ಅಷ್ಟೇ. ಕೊನೆಗೆ ಮೇಷ್ಟ್ರು ಬೆಟ್ಟದಿಂದ ಬಿದ್ದು ಸಾಯುತ್ತಾರೆ, ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಧುಮುಕುತ್ತಾರೆ. ಆ ಧುಮುಕುವಿಕೆಯಲ್ಲಿ ಎಷ್ಟೋ ಪ್ರಶ್ನೆಗಳು ಉತ್ತರವಿಲ್ಲದೆ ಪಾತಾಳಕ್ಕೆ ಹೋಗಿಬಿಡುತ್ತವೆ. ಇಡೀ ಚಿತ್ರದಲ್ಲಿ ಯಾರ ಅಪ್ಪಣೆಗೂ ಕಾಯದೆ, ತನಗೆ ತೋಚಿದ್ದನ್ನು ಮಾಡಿ, ಅದಕ್ಕಾಗಿ ಹೊಗಳಿಸಿಕೊಳ್ಳುವ ಹೆಂಗಸು ಒಬ್ಬಳೇ: ಒನಕೆ ಓಬವ್ವ. ಜಯಂತಿ ಕಿಂಡಿಯ ಪಕ್ಕ ಒನಕೆ ಎತ್ತಿ ನಿಂತ ಆ ಕೆಲವು ನಿಮಿಷ ಯಾರೂ ಮರೆಯುವಂಥದ್ದಲ್ಲ. ಅವಳಿಗೆ ಸಿಕ್ಕಿದ್ದು ಒಂದು ಹಾಡು ಮಾತ್ರ. ಇದನ್ನು ನಿಮ್ಮಪ್ಪನಿಗೆ ಓದಿ ಹೇಳು.

ಶರಪಂಜರಕ್ಕೆ ಬರುತ್ತೇನೆ. ಇದರ ಬಗ್ಗೆ ಬರೆಯುವುದಕ್ಕೇ ಈ ಕಾಗದ ಶುರುಮಾಡಿದ್ದು ಅಂದರೂ ಸರಿಯೇ. 1971ರದು. ಕಾದಂಬರಿ ತ್ರಿವೇಣಿಯವರದು. ಮನಃಶಾಸ್ತ್ರ ಓದಿದ್ದ ಆಕೆ, ನಮ್ಮ ಮೈಸೂರಿನವರು, 1963ರಲ್ಲಿ ಮೂವತ್ತನಾಲ್ಕು ವರ್ಷಕ್ಕೇ ಹೋಗಿಬಿಟ್ಟರು. ತಮ್ಮ ಬೆಳ್ಳಿಮೋಡವನ್ನಾಗಲಿ ಶರಪಂಜರವನ್ನಾಗಲಿ ತೆರೆಯ ಮೇಲೆ ನೋಡಲಿಲ್ಲ. ಚಾಮುಂಡಿಪುರಂನಲ್ಲಿ ಅವರು ಬಾಳಿದ ಮನೆಯನ್ನು ಈಗ ಅವರ ನೆನಪಿಗಾಗಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ನೀನು ಬಂದಾಗ ಕರೆದುಕೊಂಡು ಹೋಗುತ್ತೇನೆ.

ಕಥೆ ಇಷ್ಟು. ಕಾವೇರಿ ಪ್ರೀತಿಸಿದವನನ್ನೇ ಮದುವೆಯಾಗಿದ್ದಾಳೆ, ಸುಖವಾಗಿದ್ದಾಳೆ. ಎರಡನೇ ಹೆರಿಗೆಯಾದ ಮೇಲೆ ಮನಸ್ಸು ಕದಡುತ್ತದೆ. ಮದುವೆಗೆ ಮುಂಚಿನ ಒಂದು ಸಂಗತಿ, ಅವಳು ಒಳಗೇ ಹೂತಿಟ್ಟುಕೊಂಡದ್ದು, ಆ ಸ್ಥಿತಿಯಲ್ಲಿ ಬಾಯಿಂದ ಹೊರಬೀಳುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ, ಗುಣವಾಗುತ್ತಾಳೆ, ಮನೆಗೆ ಬರುತ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಕಥೆಯನ್ನು ಇಲ್ಲಿಗೆ ಮುಗಿಸಿ ಶುಭಂ ಹಾಕುತ್ತಿದ್ದರು. ತ್ರಿವೇಣಿ ಮತ್ತು ಪುಟ್ಟಣ್ಣ ಇಬ್ಬರಿಗೂ ನಿಜವಾದ ಕಥೆ ಶುರುವಾಗುವುದೇ ಇಲ್ಲಿ. ಡಾಕ್ಟರು ಗುಣವಾಗಿದೆ ಅಂದಿದ್ದಾರೆ, ಮನೆಯವರು ಒಪ್ಪಲು ತಯಾರಿಲ್ಲ. ಅವಳು ಜೋರಾಗಿ ನಕ್ಕರೆ ಹುಚ್ಚು, ಕಣ್ಣೊರೆಸಿಕೊಂಡರೆ ಹುಚ್ಚು, ಸುಮ್ಮನೆ ಕೂತರೆ ಇನ್ನೂ ಹುಚ್ಚು. ಎಲ್ಲರೂ ಮಾಡುವ ಕೆಲಸವನ್ನೇ ಅವಳು ಮಾಡಿದರೂ ಅದಕ್ಕೆ ಬೇರೆ ಅರ್ಥ. ಹೆತ್ತ ಮಗನಿಗೇ ಅವಳನ್ನು ಕಂಡರೆ ಭಯ. ಗಂಡ ಒಂದೇ ಸೂರಿನಡಿ ಇದ್ದೂ ದೂರ, ಅವನ ಮನಸ್ಸು ಬೇರೊಬ್ಬಳ ಕಡೆ ತಿರುಗಿದೆ. ಗಂಡಸಿನ ಇವತ್ತಿನ ತಪ್ಪನ್ನು ಮನೆ ಸುಮ್ಮನೆ ನುಂಗಿಕೊಳ್ಳುತ್ತದೆ, ಹೆಂಗಸಿನ ಎಂದೋ ಆದ ಒಂದು ಸಂಗತಿಗೆ ಮಾತ್ರ ಕ್ಷಮೆಯಿಲ್ಲ. ಇದು ತಿಳಿದ ಮೇಲೆ ಕಾವೇರಿ ಮತ್ತೆ ಅದೇ ಆಸ್ಪತ್ರೆಗೆ ಹೋಗುತ್ತಾಳೆ. ಈ ಸಲ ಅವಳನ್ನು ಅಲ್ಲಿಗೆ ಕಳಿಸಿದ್ದು ಕಾಯಿಲೆಯಲ್ಲ, ಆ ಮನೆ.

ಸಿಂಧು, ನಾನು ಇದನ್ನು ಮೊದಲು ನೋಡಿದಾಗ ಲಂಗ ತೊಡುವ ವಯಸ್ಸು. ನಿಮ್ಮಜ್ಜಿಯ ಪಕ್ಕ ಕೂತು ನೋಡಿದೆ. ಅರ್ಥವಾದದ್ದು ಕಾಲುಭಾಗ. ಆದರೆ ಜನ ಕಾವೇರಿಯನ್ನು ನೋಡುವ ನೋಟ ಮಾತ್ರ ನನಗೆ ಪೂರ್ತಿ ಅರ್ಥವಾಯಿತು, ಯಾಕೆಂದರೆ ಆ ನೋಟವನ್ನು ನಾನು ನಮ್ಮ ವಠಾರದಲ್ಲೇ ಕಂಡಿದ್ದೆ. ಹಿಂದಿನ ಮನೆಯ ಒಬ್ಬರು ಕೆಲವು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಅವರು ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು ಏನಾದರೂ ಹೇಳಿ ನಕ್ಕರೆ, ಉಳಿದವರು ಬಾಯಲ್ಲಿ "ಹೌದು ಹೌದು" ಅನ್ನುತ್ತಲೇ ಕಣ್ಣಲ್ಲಿ ಒಬ್ಬರಿಗೊಬ್ಬರು ಏನೋ ಹೇಳಿಕೊಳ್ಳುತ್ತಿದ್ದರು. ಅವರು ತಲೆಯೆತ್ತುವಷ್ಟರಲ್ಲಿ ಎಲ್ಲರ ಕಣ್ಣೂ ಬಿಂದಿಗೆಯ ಮೇಲೆ. ಆ ಕಣ್ಸನ್ನೆ ಅವರಿಗೆ ಗೊತ್ತಾಗುತ್ತಿತ್ತು ಅಂತ ನನಗೆ ಈಗ ಅನ್ನಿಸುತ್ತದೆ, ನಗುವನ್ನು ಅರ್ಧಕ್ಕೆ ನಿಲ್ಲಿಸಿಬಿಡುತ್ತಿದ್ದರು. ಪಿಕ್ಚರ್ ನೋಡಿ ಬಂದ ಆ ವರ್ಷ ಗೌರಿಹಬ್ಬದಲ್ಲಿ ನಿಮ್ಮಜ್ಜಿ ತಾನೇ ಹಿಂದಿನ ಮನೆಗೆ ಹೋಗಿ ಅರಿಶಿನ ಕುಂಕುಮಕ್ಕೆ ಕರೆದಳು. ಬಂದವರನ್ನು ಎಲ್ಲರ ನಡುವೆ ಕೂರಿಸಿ ಹಾಡು ಹೇಳಿಸಿದಳು. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಒಂದು ಸಿನಿಮಾ ಇಷ್ಟು ಮಾಡಿದರೆ ಅದಕ್ಕೆ ಮೊದಲ ಸ್ಥಾನ ಕೊಡದೆ ಇನ್ನಾವುದಕ್ಕೆ ಕೊಡಲಿ?

ಕಾವೇರಿಯಾಗಿ ನಟಿಸಿದ ಕಲ್ಪನಾ ಬಗ್ಗೆ ಒಂದು ಮಾತು ಮೊದಲೇ ಹೇಳಿರುತ್ತೇನೆ. ನಿಮ್ಮ ಕಾಲದ ಕಣ್ಣಿಗೆ ಅವರ ಅಭಿನಯ ಹೆಚ್ಚಾಯಿತು ಅನ್ನಿಸಬಹುದು. ಕೂಗು ಜೋರು, ಕೈಯಾಟ ಜೋರು. ಸ್ವಲ್ಪ ತಾಳ್ಮೆಯಿಂದ ನೋಡು. ಮೆಲ್ಲಗೆ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ ಮನುಷ್ಯರು ಕೂಗಿ ಹೇಳುತ್ತಾರೆ. ಕಾವೇರಿಯ ಧ್ವನಿ ಏರುತ್ತಾ ಹೋಗುವುದು ಅದಕ್ಕೇ. ಅವಳ ಸುಖದ ದಿನಗಳನ್ನು ಎಷ್ಟು ಬಣ್ಣದಲ್ಲಿ, ಎಷ್ಟು ಹಾಡಿನಲ್ಲಿ ತೋರಿಸಿದ್ದಾರೆ, ಬೇಂದ್ರೆಯವರ ಕವಿತೆಯನ್ನೂ ತಂದು ಹಾಡಿಸಿದ್ದಾರೆ. ಅಷ್ಟು ಕೊಟ್ಟದ್ದರಿಂದಲೇ ಆಮೇಲೆ ಕಿತ್ತುಕೊಂಡದ್ದು ನಮಗೆ ಅಷ್ಟು ಉರಿಯುತ್ತದೆ.

ಬೆಳ್ಳಿಮೋಡವನ್ನು ಎರಡನೆಯದಾಗಿ ಇಟ್ಟದ್ದಕ್ಕೆ ನನ್ನ ಗೆಳತಿಯರು ಜಗಳವಾಡುತ್ತಾರೆ. ಕಪ್ಪು ಬಿಳುಪು, ಮೊದಲ ಕನ್ನಡ ಚಿತ್ರ, ಕೈ ಇನ್ನೂ ಪಳಗಿರಲಿಲ್ಲ ಅನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ. ಮೋಹನ ಅವಳನ್ನು ಮದುವೆಯಾಗಲು ಒಪ್ಪಿ, ಅವಳ ಅಪ್ಪನ ದುಡ್ಡಿನಲ್ಲೇ ವಿದೇಶಕ್ಕೆ ಓದಲು ಹೋಗುತ್ತಾನೆ. ಇತ್ತ ಎಷ್ಟೋ ವರ್ಷದ ಮೇಲೆ ಅಮ್ಮನಿಗೆ ಗಂಡುಮಗುವಾಗುತ್ತದೆ, ಅಮ್ಮ ಉಳಿಯುವುದಿಲ್ಲ. ಆಸ್ತಿಗೆ ಹಕ್ಕುದಾರ ಹುಟ್ಟಿದನೆಂದು ತಿಳಿದದ್ದೇ ಮೋಹನನಿಗೆ ಇಂದಿರಾ ಬೇಡವಾಗುತ್ತಾಳೆ. ಮುಂದೆ ಅವನು ಬಿದ್ದು ಕಾಲು ಮುರಿದುಕೊಂಡಾಗ ಅವನ ಆರೈಕೆ ಮಾಡುವವಳೂ ಅವಳೇ. ಆ ಆರೈಕೆಯಲ್ಲಿ ಅವನ ಮನಸ್ಸು ಕರಗಿ, ಮದುವೆಯಾಗೋಣ ಅನ್ನುತ್ತಾನೆ. ಇಂದಿರಾ ಬೇಡ ಅನ್ನುತ್ತಾಳೆ.

1967ರಲ್ಲಿ, ಸಿಂಧು! ಗಂಡು ಪಶ್ಚಾತ್ತಾಪ ಪಟ್ಟು ಬಂದ ಮೇಲೆ ಹೆಣ್ಣು ಕರಗದೆ ಇದ್ದರೆ ಅವಳನ್ನೇ ಕಲ್ಲೆದೆಯವಳು ಅನ್ನುವ ಕಾಲ. ಪ್ರೇಕ್ಷಕರು ಇಷ್ಟು ಹೊತ್ತೂ ಕಾದು ಕೂತದ್ದು ಆ ಮದುವೆಗಾಗಿಯೇ. ಪುಟ್ಟಣ್ಣ ಆ ಮದುವೆ ಮಾಡಿಸಲಿಲ್ಲ. ಇಂದಿರಾ ಕೋಪದಿಂದ ಬೇಡ ಅಂದದ್ದಲ್ಲ, ಸೇಡಿಗೂ ಅಲ್ಲ. ಇವನ ಪ್ರೀತಿ ಎಷ್ಟರದೆಂದು ಅವಳು ಒಮ್ಮೆ ನೋಡಿಬಿಟ್ಟಿದ್ದಾಳೆ, ಅಷ್ಟೇ. ಬೇಡ ಅಂದವಳು ಸಾಯುವುದಿಲ್ಲ, ಹುಚ್ಚಿಯಾಗುವುದಿಲ್ಲ, ತಮ್ಮನನ್ನು ನೋಡಿಕೊಂಡು ಮನೆಯಲ್ಲಿ ಇರುತ್ತಾಳೆ. ಪುಟ್ಟಣ್ಣನವರ ಮುಂದಿನ ನಾಯಕಿಯರಲ್ಲಿ ಎಷ್ಟು ಜನರಿಗೆ ಈ ಭಾಗ್ಯ ಸಿಕ್ಕಿತು? ಚಿತ್ರದಲ್ಲಿ ಬೇಂದ್ರೆಯವರ 'ಬೆಳಗು' ಬರುವಾಗ ಟಿವಿಯ ಶಬ್ದ ಸ್ವಲ್ಪ ಜಾಸ್ತಿ ಮಾಡು. ಸಂಗೀತ ವಿಜಯಭಾಸ್ಕರ್ ಅವರದು, ಕ್ಯಾಮರಾ ಆರ್.ಎನ್.ಕೆ. ಪ್ರಸಾದ್ ಅವರದು. ಅದಕ್ಕೆ ಮುಂಚೆ ಆ ಕವಿತೆ ಪಠ್ಯಪುಸ್ತಕದಲ್ಲಿತ್ತು, ಆಮೇಲೆ ಅಡುಗೆಮನೆಗಳಲ್ಲೂ ಕೇಳಿಸಿತು.

ಗೆಜ್ಜೆಪೂಜೆಗೂ ಬೆಳ್ಳಿಮೋಡಕ್ಕೂ ಎರಡು ಮೂರರ ಜಾಗ ಆಗಾಗ ಅದಲುಬದಲಾಗುತ್ತಿರುತ್ತದೆ, ಒಪ್ಪುತ್ತೇನೆ. 1969ರ ಚಿತ್ರ. ನಲವತ್ತು ದಾಟಿದ ಮೇಲೆ ಕಾದಂಬರಿ ಬರೆಯಲು ಹಿಡಿದು ಕನ್ನಡದ ಮನೆಮನೆಗೂ ಹೋದ ಎಂ.ಕೆ. ಇಂದಿರಾ ಅವರ ಕೃತಿ. ವೇಶ್ಯೆಯ ಮಗಳು ಚಂದ್ರಾ ಓದಬೇಕು, ಮದುವೆಯಾಗಬೇಕು, ಒಬ್ಬನ ಹೆಂಡತಿಯಾಗಿ ಬಾಳಬೇಕು ಎಂದು ಆಸೆಪಡುತ್ತಾಳೆ. ಪಕ್ಕದ ಮನೆಗೆ ಬಂದ ಮರ್ಯಾದಸ್ಥರ ಕುಟುಂಬದ ಜೊತೆ ಬೆರೆಯುತ್ತಾಳೆ. ಕುಲದ ಕಟ್ಟಳೆ ಬಿಡುವುದಿಲ್ಲ, ಕಾಲಿಗೆ ಗೆಜ್ಜೆ ಬೀಳುತ್ತದೆ, ಅವಳು ಪ್ರಾಣ ಬಿಡುತ್ತಾಳೆ. ಈ ಚಿತ್ರದ ಚಿತ್ರಕಥೆಗೆ ಪುಟ್ಟಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು, ಬರಲೇಬೇಕಿತ್ತು. ಒಂದು ದೃಶ್ಯವನ್ನೂ ತೆಗೆದುಹಾಕುವ ಹಾಗಿಲ್ಲ. ಹಾಗಿದ್ದೂ ಮೂರನೆಯದು ಯಾಕೆಂದರೆ, ಚಂದ್ರಾ ಸತ್ತಾಗ ನಾವು ಹೊಟ್ಟೆತುಂಬ ಅತ್ತು ಹಗುರಾಗಿ ಹೊರಗೆ ಬರುತ್ತೇವೆ. ಕಾವೇರಿ ಸಾಯುವುದಿಲ್ಲವಲ್ಲ, ಅವಳು ನಮ್ಮನ್ನು ಹಗುರಾಗಲು ಬಿಡುವುದಿಲ್ಲ.

ಇನ್ನು ಮಾನಸ ಸರೋವರ. ಇದನ್ನು ಶರಪಂಜರದ ಜೊತೆಗೇ ನೋಡು, ಬೇಕಾದರೆ ಮಾರನೇ ದಿನವೇ. 1982ರದು. ಇಲ್ಲಿ ಮನಸ್ಸು ಕೆಟ್ಟ ಹುಡುಗಿಯನ್ನು ಡಾಕ್ಟರೇ ಗುಣಪಡಿಸುತ್ತಾನೆ, ಗುಣಪಡಿಸುತ್ತಾ ಪ್ರೀತಿಸುತ್ತಾನೆ. ಗುಣವಾದವಳು ಬೇರೊಬ್ಬನನ್ನು ಮೆಚ್ಚುತ್ತಾಳೆ, ಡಾಕ್ಟರನಿಗೆ ಹುಚ್ಚು ಹಿಡಿಯುತ್ತದೆ. ಹನ್ನೊಂದು ವರ್ಷದ ಹಿಂದೆ ಹೆಣ್ಣಿನ ಒಳಗೆ ಹೊಕ್ಕು ನೋಡಿದ್ದನ್ನು ಈ ಸಲ ಗಂಡಿನ ಒಳಗೆ ಹೊಕ್ಕು ನೋಡಿದ್ದಾರೆ. ಡಾಕ್ಟರಾಗಿ ನಟಿಸಿದ ಶ್ರೀನಾಥ್ ಇಷ್ಟು ದೊಡ್ಡ ನಟ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಪದ್ಮಾವಾಸಂತಿಯ ಪಾತ್ರವನ್ನು ಎಲ್ಲೂ ಖಳನಾಯಕಿ ಮಾಡಿಲ್ಲ. ಗುಣಪಡಿಸಿದ ಮಾತ್ರಕ್ಕೆ ಅವಳು ಅವನ ಸ್ವತ್ತಲ್ಲ ಎಂಬುದು ಚಿತ್ರಕ್ಕೆ ಗೊತ್ತಿದೆ. ನನಗೆ ಈ ಚಿತ್ರದ ಮೇಲೆ ಗೌರವ ಹುಟ್ಟಿದ್ದು ಅದಕ್ಕೇ. ಜಿ.ಎಸ್. ಶಿವರುದ್ರಪ್ಪನವರ ಒಂದು ಕವಿತೆಯೂ ಇದರಲ್ಲಿ ಹಾಡಾಗಿದೆ.

ಎಡಕಲ್ಲು ಗುಡ್ಡದ ಮೇಲೆ, 1973, ಭಾರತೀಸುತರ ಕಾದಂಬರಿ. ಸೈನ್ಯದಲ್ಲಿ ಗಾಯಗೊಂಡ ಗಂಡ, ಮೈಯ ಆಸೆ ಬತ್ತದ ಹೆಂಡತಿ ಮಾಧವಿ, ನಡುವೆ ಒಬ್ಬ ಹುಡುಗ. ಮದುವೆಯಾದ ಹೆಂಗಸಿಗೂ ದೇಹವಿದೆ ಎಂದು ಮನೆಮಂದಿಯೆಲ್ಲ ಕೂತು ನೋಡುವ ತೆರೆಯ ಮೇಲೆ ಹೇಳಲು ಎದೆಗಾರಿಕೆ ಬೇಕಿತ್ತು. ಜಯಂತಿ ಆ ಪಾತ್ರವನ್ನು ಒಂದಿಷ್ಟೂ ಹಿಂಜರಿಯದೆ ಮಾಡಿದ್ದಾರೆ. ಆ ಹುಡುಗನಾಗಿ ನಟಿಸಿದ ಚಂದ್ರಶೇಖರ್ ಅವರಿಗಂತೂ ಎಡಕಲ್ಲು ಹೆಸರಿಗೇ ಅಂಟಿಕೊಂಡಿತು. ಕಥಾಸಂಗಮದಲ್ಲಿ ಗಿರಡ್ಡಿ ಗೋವಿಂದರಾಜ, ವೀಣಾ, ಈಶ್ವರಚಂದ್ರ ಬರೆದ ಮೂರು ಕಥೆಗಳಿವೆ. ಮೂರನೆಯದಾದ ಮುನಿತಾಯಿಗಾಗಿ ಆ ಚಿತ್ರ ಏಳನೇ ಸ್ಥಾನಕ್ಕೆ ಬಂತು. ಕಣ್ಣು ಕಾಣದ ಮುನಿತಾಯಿಯಾಗಿ ಆರತಿ, ದುಷ್ಟನ ಪಾತ್ರದಲ್ಲಿ ಆಗಿನ್ನೂ ಯಾರಿಗೂ ಗೊತ್ತಿಲ್ಲದ ರಜನಿಕಾಂತ್. ರಂಗನಾಯಕಿಯ ಮೊದಲ ಭಾಗ, ನಾಟಕ ಕಂಪನಿಯ ಬದುಕು, ಎಷ್ಟು ಚೆನ್ನಾಗಿದೆಯೆಂದರೆ ಅದೊಂದನ್ನೇ ನೋಡಿದ್ದರೆ ಮೂರನೆಯದಕ್ಕೆ ಸಮ ಅನ್ನುತ್ತಿದ್ದೆ. ಗಂಡ ನಾಟಕ ಬಿಡು ಅಂದಾಗ ಆರತಿಯ ಮುಖ ನೋಡು. ಮಗ ಬೆಳೆದು ಬಂದ ಮೇಲಿನ ಭಾಗ ನನಗೆ ಎಳೆದಂತೆ ಕಾಣುತ್ತದೆ.

ರಾಜ್‌ಕುಮಾರ್ ಅವರ ಜೊತೆ ಮಾಡಿದ್ದು ಮೂರೇ: ಮಲ್ಲಮ್ಮನ ಪವಾಡ, ಕರುಳಿನ ಕರೆ, ಸಾಕ್ಷಾತ್ಕಾರ. ಮೂರೂ ನೋಡು, ಆದರೆ ಅವಸರವಿಲ್ಲ. ಮಲ್ಲಮ್ಮನ ಪವಾಡ ನೋಡುವಾಗ ಈ ಕಥೆ ಎಲ್ಲೋ ಕಂಡಿದ್ದೇನಲ್ಲ ಅನ್ನಿಸಿದರೆ ಆಶ್ಚರ್ಯಪಡಬೇಡ, ಹಿಂದಿಯ ಬೇಟಾ ಚಿತ್ರದ ಬೇರು ಇಲ್ಲಿದೆ. ಸಾಕ್ಷಾತ್ಕಾರದಲ್ಲಿ ಪೃಥ್ವಿರಾಜ್ ಕಪೂರ್ ಇದ್ದಾರೆ. ಪಡುವಾರಳ್ಳಿ ಪಾಂಡವರು ಜಮೀನ್ದಾರಿಕೆಯ ಮೇಲಿನ ಸಿಟ್ಟಿನ ಚಿತ್ರ, ಬಿಸಿಯಾಗಿದೆ. ಶುಭಮಂಗಳ ಹಾಡಿಗಾಗಿ ನೋಡು. ಕಾಲೇಜು ರಂಗ ಬಿಡು, ಬಿ.ಜಿ.ಎಲ್. ಸ್ವಾಮಿಯವರ ಪುಸ್ತಕವನ್ನೇ ಓದು.

ಅವರಲ್ಲಿ ಕೊರತೆಯಿಲ್ಲ ಅನ್ನುತ್ತಿಲ್ಲ. ಒಂದು ಭಾವ ನಮಗೆ ಆಗಲೇ ತಲುಪಿದ್ದರೂ ಕ್ಯಾಮರಾ ಧಡಕ್ಕನೆ ಮುಖಕ್ಕೆ ನುಗ್ಗುತ್ತದೆ, ಹಿನ್ನೆಲೆಯಲ್ಲಿ ವಾದ್ಯಗಳೆಲ್ಲ ಒಟ್ಟಿಗೆ ಮೊರೆಯುತ್ತವೆ. ಸಂಕೇತಗಳಿಗೆ ಎರಡೆರಡು ಸಲ ಗೆರೆ ಎಳೆಯುತ್ತಾರೆ. ಹಾಸ್ಯದ ಭಾಗಗಳು ಅನೇಕ ಕಡೆ ಕಥೆಗೆ ಹೊರಗೆ ನಿಂತಿವೆ. ಇವೆಲ್ಲ ನಿನಗೂ ಕಾಣುತ್ತವೆ, ಕಾಣಲಿ. ಆದರೆ ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಅನುಪಮಾ ನಿರಂಜನ, ಹೀಗೆ ಹೆಂಗಸರು ಬರೆದದ್ದನ್ನು ಕೈಗೆತ್ತಿಕೊಂಡು, ಇದು ಜನ ದುಡ್ಡು ಕೊಟ್ಟು ನೋಡುವ ಕಥೆ ಎಂದು ನಂಬಿ, ನಂಬಿದ್ದನ್ನು ಗೆಲ್ಲಿಸಿಯೂ ತೋರಿಸಿದ ಇನ್ನೊಬ್ಬ ನಿರ್ದೇಶಕರು ನನಗೆ ಗೊತ್ತಿಲ್ಲ. ತಮಿಳಿನ ಕೆ. ಬಾಲಚಂದರ್ ಇವರನ್ನು ಗುರು ಅಂದರು, ಭಾರತಿರಾಜಾ ಇವರ ಬಳಿ ಸಹಾಯಕರಾಗಿದ್ದವರು.

ಕಟ್ಟಕಡೆಗೆ ಮಸಣದ ಹೂವು ನೋಡು. ಅದು ಪಟ್ಟಿಯಲ್ಲಿಲ್ಲ, ಪೂರ್ತಿ ಅವರದಲ್ಲದ ಕಾರಣ. ಅದು ಮುಗಿಯುವ ಮೊದಲೇ ಅವರು ಹೋದರು, ಉಳಿದದ್ದನ್ನು ಕೆ.ಎಸ್.ಎಲ್. ಸ್ವಾಮಿ ಮುಗಿಸಿದರು. ಅದರಲ್ಲಿ ಒಬ್ಬ ಎಳೆಯ ಹುಡುಗಿ ಇದ್ದಾಳೆ, ಅಪರ್ಣಾ. ಬೆಂಗಳೂರಿಗೆ ಬಂದಾಗ ಮೆಟ್ರೊದಲ್ಲಿ ಮುಂದಿನ ನಿಲ್ದಾಣ ಹೇಳುವ ಕನ್ನಡದ ಧ್ವನಿ ಎಷ್ಟು ಚೆನ್ನಾಗಿದೆ ಅತ್ತೆ ಅಂದಿದ್ದೆಯಲ್ಲ, ಆ ಧ್ವನಿ ಅವರದೇ. 2024ರಲ್ಲಿ ತೀರಿಕೊಂಡರು. ಪುಟ್ಟಣ್ಣನವರು ತೆರೆಗೆ ತಂದ ಕೊನೆಯ ಹೊಸ ಮುಖಗಳಲ್ಲಿ ಅವರೂ ಒಬ್ಬರು.

ಪುಣೆಯಲ್ಲಿ ಈಗ ಮಳೆ ಜಾಸ್ತಿ ಅಂತ ನಿಮ್ಮಮ್ಮ ಹೇಳಿದಳು, ಹುಷಾರಾಗಿರು. ಶರಪಂಜರವನ್ನು ಮೊಬೈಲಿನಲ್ಲಿ ನೋಡಬೇಡ, ದೊಡ್ಡ ಪರದೆ ಇರುವ ಗೆಳತಿಯ ಮನೆಗೆ ಹೋಗಿ ನೋಡು. ಸಾಧ್ಯವಾದರೆ ಕನ್ನಡ ಬಾರದ ಅವಳನ್ನೂ ಕೂರಿಸಿಕೊಂಡು ಅರ್ಥ ಹೇಳು. ನೋಡಿ ಮುಗಿಸಿದ ಮೇಲೆ ನಿನ್ನ ಪಟ್ಟಿಯನ್ನು ನನಗೆ ಬರೆ. ಬೆಳ್ಳಿಮೋಡ ಮೇಲೋ ಗೆಜ್ಜೆಪೂಜೆ ಮೇಲೋ ಎಂಬುದನ್ನು ಮಾತ್ರ ತಪ್ಪದೆ ಬರೆ, ಕಾರಣವನ್ನೂ ಬರೆ. ಆ ವಿಷಯದಲ್ಲಿ ನಿನ್ನ ಮಾತಿಗೆ ನಾನು ನನ್ನ ಪಟ್ಟಿಯನ್ನು ತಿದ್ದಲು ತಯಾರಿದ್ದೇನೆ. ನಾಗರಹಾವಿನ ವಿಷಯದಲ್ಲಿ ಇಲ್ಲ.

ನಿನ್ನ ಪ್ರೀತಿಯ
ಅತ್ತೆ